ಚೆಂಡು, ಗೋಳ ಮತ್ತು ಸಿಪ್ಪೆ

ಶಿಡ್ಲಘಟ್ಟ ತಾಲ್ಲೂಕಿನ ಮೇಲೂರಿನ ಸೀಮೆಯಲ್ಲಿ ಬೆಳೆಯುವ ಒಂದು ದುಂಡು ದ್ರಾಕ್ಷಿಯನ್ನು ಅಂಗೈಯಲ್ಲಿಟ್ಟು ನೋಡೋಣ. ಹೊರಗೆ ತೆಳುವಾದ ಸಿಪ್ಪೆ, ಒಳಗೆ ತಿರುಳು. ಇದರ ಆಕಾರವನ್ನು ನಾವು ಗೋಳವೆನ್ನುತ್ತೇವೆ, ಇಂಗ್ಲಿಷರು ‘ಸ್ಫಿಯರ್’ ಎನ್ನುತ್ತಾರೆ. ಆದರೆ ಆ ಹೆಸರು ಸಲ್ಲುವುದು ಸಿಪ್ಪೆಗೋ, ಇಡೀ ಹಣ್ಣಿಗೋ?

‘ಸ್ಫಿಯರ್’ ಶಬ್ದದ ತವರು ಗ್ರೀಕ್ ಭಾಷೆ. ಅಲ್ಲಿ ‘ಸ್ಫೈರಾ’ ಎಂದರೆ ಆಟದ ಚೆಂಡು. ಹೋಮರನ ‘ಒಡಿಸ್ಸಿ’ಯಲ್ಲಿ ರಾಜಕುಮಾರಿ ನೌಸಿಕಾ ಸಖಿಯರೊಡನೆ ಆಡುವ ಚೆಂಡಿಗೆ ಇದೇ ಹೆಸರು. ಅರ್ಧವೃತ್ತವನ್ನು ಅದರ ವ್ಯಾಸದ ಸುತ್ತ ತಿರುಗಿಸಿದರೆ ದೊರೆಯುವ ಘನಾಕೃತಿಗೆ ಯೂಕ್ಲಿಡನು ಈ ಹೆಸರನ್ನೇ ಇಟ್ಟನು. ಗ್ರಹ ನಕ್ಷತ್ರಗಳನ್ನು ಹೊತ್ತು ತಿರುಗುವುವೆಂದು ಆ ಕಾಲದವರು ನಂಬಿದ್ದ ಆಕಾಶದ ಚಿಪ್ಪುಗಳಿಗೂ ಅದೇ ಹೆಸರಾಯಿತು. ಮುಂದೆ ಶಬ್ದವು ಲ್ಯಾಟಿನ್, ಫ್ರೆಂಚ್ ಭಾಷೆಗಳ ಮೂಲಕ ಇಂಗ್ಲಿಷನ್ನು ಸೇರಿತು.

ನಮ್ಮ ‘ಗೋಳ’ಕ್ಕೂ ದೀರ್ಘ ಚರಿತ್ರೆಯಿದೆ. ಕ್ರಿ. ಶ. 499ರ ಕಾಲದ ‘ಆರ್ಯಭಟೀಯ’ದ ಕೊನೆಯ ಭಾಗದ ಹೆಸರು ‘ಗೋಳಪಾದ’. ಕದಂಬ ಪುಷ್ಪದ ಗುಂಡನ್ನು ಎಸಳುಗಳು ಎಲ್ಲ ಕಡೆಯೂ ಮುತ್ತಿರುವಂತೆ ಭೂಗೋಳವನ್ನು ಜೀವಿಗಳು ಮುತ್ತಿವೆಯೆಂದು ಆರ್ಯಭಟನು ಅಲ್ಲಿ ಹೇಳಿದ್ದಾನೆ.

ಇಂದಿನ ಗಣಿತಜ್ಞರು ‘ಸ್ಫಿಯರ್’ ಎನ್ನುವುದು ಕೇಂದ್ರದಿಂದ ಸಮದೂರದಲ್ಲಿರುವ ಮೇಲ್ಮೈಗೆ ಮಾತ್ರ, ಎಂದರೆ ಸಿಪ್ಪೆಗೆ. ಒಳಗಿನದೂ ಸೇರಿದ ಘನಗೋಳವನ್ನು ಅವರು ‘ಬಾಲ್’ ಎನ್ನುತ್ತಾರೆ. ಚೆಂಡೆಂದೇ ಹುಟ್ಟಿದ ಶಬ್ದ ತನ್ನ ಮೂಲಾರ್ಥವನ್ನು ಇನ್ನೊಂದು ಶಬ್ದಕ್ಕೆ ಬಿಟ್ಟುಕೊಟ್ಟಿತು! ಈ ಭೇದವನ್ನು ಮರೆತ ವಿದ್ಯಾರ್ಥಿಯೇ ಪರೀಕ್ಷೆಯಲ್ಲಿ ವಿಸ್ತೀರ್ಣದ ಸೂತ್ರವನ್ನು ಘನಫಲಕ್ಕೆ ಹಚ್ಚುವನು. ತ್ರಿಜ್ಯ 1 ಸೆಂ. ಮೀ. ಇರುವ ಗೋಳದ ಮೇಲ್ಮೈ ಸುಮಾರು 12.6 ಚದರ ಸೆಂ. ಮೀ.; ಘನಫಲ ಸುಮಾರು 4.2 ಘನ ಸೆಂ. ಮೀ. ತ್ರಿಜ್ಯ ಇಮ್ಮಡಿಸಿದರೆ ಮೇಲ್ಮೈ ನಾಲ್ಕರಷ್ಟಾಗುವುದು, ಘನಫಲ ಎಂಟರಷ್ಟಾಗುವುದು. ಆದುದರಿಂದಲೇ ಸಣ್ಣ ಹಣ್ಣಿಗೆ ತಿರುಳಿನ ಪ್ರಮಾಣಕ್ಕೆ ಸಿಪ್ಪೆ ಹೆಚ್ಚು.

17ನೆಯ ಶತಮಾನದಲ್ಲಿ ಆವಿ ಎಂಬರ್ಥದ ‘ಆಟ್ಮೋಸ್’ ಶಬ್ದಕ್ಕೆ ‘ಸ್ಫೈರಾ’ವನ್ನು ಕೂಡಿಸಿ ‘ಅಟ್ಮಾಸ್ಫಿಯರ್’ ಎಂಬ ಹೆಸರನ್ನು ಕಟ್ಟಿದರು. ಅದೇ ನಮ್ಮ ವಾಯುಮಂಡಲ. ಅದು ಚೆಂಡಲ್ಲ, ಸಿಪ್ಪೆ. ಭೂಮಿಯ ತ್ರಿಜ್ಯ ಸುಮಾರು 6,371 ಕಿ. ಮೀ.; ಗಾಳಿಯ ಮುಕ್ಕಾಲು ಪಾಲು ಕೆಳಗಿನ ಸುಮಾರು 12 ಕಿ. ಮೀ. ಒಳಗೇ ಇದೆ. ಭೂಮಿಯನ್ನು 1 ಸೆಂ. ಮೀ. ತ್ರಿಜ್ಯದ ದ್ರಾಕ್ಷಿಯಾಗಿ ಕುಗ್ಗಿಸಿದರೆ ಈ ಪದರದ ದಪ್ಪ ಒಂದು ಮಿಲಿಮೀಟರಿನ ಐವತ್ತನೆಯ ಒಂದು ಪಾಲಿನಷ್ಟು. ಕೈಯಲ್ಲಿರುವ ಹಣ್ಣಿನ ಸಿಪ್ಪೆಗಿಂತಲೂ ತೆಳು. ನಮ್ಮೆಲ್ಲರ ಉಸಿರು ನಿಂತಿರುವುದು ಆ ಸಿಪ್ಪೆಯಲ್ಲಿಯೇ.