ಬೆವರು ಕಾಣಿಸದ ಬಿಸಿಲಿನಲ್ಲಿ ಬಿಡಾರ

ಏಪ್ರಿಲ್, ಮೇ ತಿಂಗಳು ಬಂತೆಂದರೆ ಕಾಯಿಲೆಯಿಲ್ಲದ ಕೆಲವರು ನಮ್ಮ ಚಿಕಿತ್ಸಾಲಯಕ್ಕೆ ಬರತೊಡಗುತ್ತಾರೆ. ಅಮೆರಿಕದಲ್ಲಿರುವ ಮಗನ ಮನೆಗೋ ಮಗಳ ಮನೆಗೋ ಹೊರಟು ನಿಂತ ತಂದೆ-ತಾಯಂದಿರು ಇವರು. ಆರು ತಿಂಗಳಿಗಾಗುವಷ್ಟು ರಕ್ತದೊತ್ತಡದ ಮಾತ್ರೆ, ಸಕ್ಕರೆ ಕಾಯಿಲೆಯ ಮಾತ್ರೆ ಬರೆಸಿಕೊಳ್ಳಬೇಕು, ಅಷ್ಟೇ. ಮಾತಿನ ನಡುವೆ ಪ್ರವಾಸದ ಪಟ್ಟಿ ಹೊರಬೀಳುತ್ತದೆ. ಕ್ಯಾಲಿಫೋರ್ನಿಯಾಕ್ಕೆ ಹೊರಟವರ ಪಟ್ಟಿಯಲ್ಲಿ ಕೆಲವೊಮ್ಮೆ ಡೆತ್ ವ್ಯಾಲಿ ರಾಷ್ಟ್ರೀಯ ಉದ್ಯಾನದ ಹೆಸರೂ ಇರುತ್ತದೆ. ಮೊಮ್ಮಕ್ಕಳಿಗೆ ಬೇಸಿಗೆ ರಜೆ, ಮಗನಿಗೆ ಜುಲೈ 4ರ ರಜೆ; ಮರುಭೂಮಿಯಲ್ಲಿ ಎರಡು ರಾತ್ರಿ ಡೇರೆ ಹಾಕಿ ಮಲಗುವ ಯೋಜನೆ. "ಬಿಸಿಲು ಜಾಸ್ತಿಯಂತೆ ಡಾಕ್ಟ್ರೇ. ರಾಯಚೂರಿನವರಿಗೆ ಬಿಸಿಲೇನು ಹೊಸದೇ?" ಎಂದು ನಗುತ್ತಾರೆ.

ಹೊಸದು ಎಂದೇ ಹೇಳಬೇಕಾಗಿದೆ. ರಾಯಚೂರಿನ ಮೇ ತಿಂಗಳ ಮಧ್ಯಾಹ್ನ 40 ಡಿಗ್ರಿ ಸೆಲ್ಸಿಯಸ್ ಆಸುಪಾಸಿನದು. ಡೆತ್ ವ್ಯಾಲಿಯ ತಗ್ಗಿನಲ್ಲಿ ಜುಲೈ ತಿಂಗಳ ಸಾಮಾನ್ಯ ಮಧ್ಯಾಹ್ನವೇ 47 ಡಿಗ್ರಿ. ಅಲ್ಲಿನ ಬ್ಯಾಡ್‌ವಾಟರ್ ಎಂಬ ಉಪ್ಪಿನ ಬಯಲು ಸಮುದ್ರ ಮಟ್ಟಕ್ಕಿಂತ 86 ಮೀಟರ್ ಕೆಳಗಿದೆ. ಸುತ್ತ ಬೆಟ್ಟಗಳ ಗೋಡೆ ಇರುವುದರಿಂದ ಕಾದ ಗಾಳಿ ಅಲ್ಲೇ ಸುತ್ತುತ್ತಿರುತ್ತದೆ. ಫರ್ನೇಸ್ ಕ್ರೀಕ್ ಎಂಬಲ್ಲಿ 1913ರ ಜುಲೈ 10ರಂದು ದಾಖಲಾದ 56.7 ಡಿಗ್ರಿಯೇ ಜಗತ್ತಿನ ಅಧಿಕೃತ ದಾಖಲೆ. ಅದನ್ನು ಒಪ್ಪದ ಹವಾಮಾನ ತಜ್ಞರೂ ಇದ್ದಾರೆ. ನಮ್ಮ ದೇಹಕ್ಕೆ ಆ ವಾದದಿಂದ ಏನೂ ಆಗಬೇಕಿಲ್ಲ. ಚರ್ಮದ ಶಾಖ ಸುಮಾರು 35 ಡಿಗ್ರಿ. ಗಾಳಿಯ ಶಾಖ ಅದನ್ನು ಮೀರಿದೊಡನೆ ದೇಹ ಗಾಳಿಗೆ ಶಾಖ ಬಿಟ್ಟುಕೊಡುವ ಬದಲು ಗಾಳಿಯಿಂದಲೇ ಶಾಖ ಪಡೆಯತೊಡಗುತ್ತದೆ. ಆಗ ಉಳಿಯುವ ದಾರಿ ಒಂದೇ: ಬೆವರು.

ಈ ಬೆವರು ಮರುಭೂಮಿಯಲ್ಲಿ ಕಣ್ಣಿಗೆ ಕಾಣುವುದಿಲ್ಲ. ಮಂಗಳೂರಿನಲ್ಲಿ ಹತ್ತು ಹೆಜ್ಜೆ ನಡೆದರೆ ಅಂಗಿ ಒದ್ದೆಯಾಗಿ ಬೆನ್ನಿಗೆ ಅಂಟುತ್ತದೆ, ನೀರು ಕುಡಿಯಬೇಕೆಂದು ನೆನಪಾಗುತ್ತದೆ. ಡೆತ್ ವ್ಯಾಲಿಯ ಒಣ ಗಾಳಿಯಲ್ಲಿ ಬೆವರು ಮೂಡಿದ ಕ್ಷಣವೇ ಆರಿಹೋಗುತ್ತದೆ. ಅಂಗಿ ಗರಿಗರಿಯಾಗಿಯೇ ಇರುತ್ತದೆ. ನಡೆಯುತ್ತಿರುವವನ ದೇಹದಿಂದ ಗಂಟೆಗೆ ಒಂದು ಲೀಟರ್ ನೀರು ಹೋಗಿದ್ದರೂ "ನನಗೇನೂ ಬೆವರಲಿಲ್ಲ" ಎನ್ನುತ್ತಾನೆ. ವಯಸ್ಸಾದವರಿಗೆ ಬಾಯಾರಿಕೆಯ ಅರಿವೂ ಕಡಿಮೆ. ಆದ್ದರಿಂದ ಬೆವರನ್ನೂ ನಂಬಬೇಡಿ, ಬಾಯಾರಿಕೆಯನ್ನೂ ನಂಬಬೇಡಿ. ಮೂತ್ರದ ಬಣ್ಣ ನೋಡಿ. ಗಾಢ ಹಳದಿಯಾಗಿದ್ದರೆ ನೀರು ಸಾಲದು ಎಂದೇ ಅರ್ಥ.

ಇನ್ನು ರಾಯಚೂರಿನವರ ಹೆಮ್ಮೆಯ ಮಾತು. ಬಿಸಿಲಿಗೆ ದೇಹ ಒಗ್ಗಿಕೊಳ್ಳುತ್ತದೆ ಎಂಬುದು ನಿಜ. ಒಂದೆರಡು ವಾರ ಬಿಸಿಲಿನಲ್ಲಿ ಓಡಾಡಿದರೆ ಬೆವರು ಬೇಗ ಮೂಡುತ್ತದೆ, ಹೆಚ್ಚು ಹರಿಯುತ್ತದೆ, ಅದರಲ್ಲಿ ಹೋಗುವ ಉಪ್ಪು ಕಡಿಮೆಯಾಗುತ್ತದೆ. ಆದರೆ ಈ ಒಗ್ಗಿಕೆ ಹುಟ್ಟುಗುಣವಲ್ಲ. ಬಿಸಿಲು ತಪ್ಪಿದ ಕೆಲವೇ ವಾರಗಳಲ್ಲಿ ಇಳಿದುಹೋಗುತ್ತದೆ. ಮೇ ಮೊದಲ ವಾರ ಊರು ಬಿಟ್ಟು, ಸ್ಯಾನ್ ಫ್ರಾನ್ಸಿಸ್ಕೋದ ತಂಪಿನಲ್ಲಿ ಸ್ವೆಟರ್ ಹಾಕಿಕೊಂಡು ಎರಡು ತಿಂಗಳು ಕಳೆದ ಅಜ್ಜ, ಜುಲೈನಲ್ಲಿ ಮರುಭೂಮಿಗೆ ಬಂದಿಳಿದಾಗ ಅಲ್ಲೇ ಹುಟ್ಟಿ ಬೆಳೆದ ಮೊಮ್ಮಗನಷ್ಟೇ ಹೊಸಬ. ಜೊತೆಗೆ ವಯಸ್ಸು ಬೇರೆ. ಝಳ ಬಡಿಯದಿರಲೆಂದು ಜೇಬಿನಲ್ಲಿ ಉಳ್ಳಾಗಡ್ಡಿ ಇಟ್ಟುಕೊಳ್ಳುವವರಿದ್ದಾರೆ. ಉಳ್ಳಾಗಡ್ಡಿ ಊಟಕ್ಕೆ ಒಳ್ಳೆಯದು.

ರಾತ್ರಿಯೂ ತಣಿಯದ ನೆಲ

ಹಗಲು ಕಾರಿನಲ್ಲಿ, ತಂಪು ಕೋಣೆಯಲ್ಲಿ ಕುಳಿತು ನೋಡಿಕೊಂಡು ಬರುವುದು ಬೇರೆ, ಡೇರೆ ಹಾಕುವುದು ಬೇರೆ. ಹಗಲೆಲ್ಲ ದುಡಿದ ಹೃದಯಕ್ಕೆ ರಾತ್ರಿಯ ತಂಪು ಬೇಕು. ಅಲ್ಲಿನ ತಗ್ಗು ಪ್ರದೇಶದಲ್ಲಿ ಬೇಸಿಗೆಯ ಎಷ್ಟೋ ರಾತ್ರಿಗಳು 32 ಡಿಗ್ರಿಗಿಂತ ಕೆಳಗಿಳಿಯುವುದೇ ಇಲ್ಲ. ನೆಲ ಕಾದಿರುತ್ತದೆ, ಡೇರೆಯೊಳಗೆ ಗಾಳಿಯಾಡುವುದಿಲ್ಲ. ನಮ್ಮಲ್ಲಿ ಬಳಕೆಯಲ್ಲಿರುವ ‘ಸೂರ್ಯಾಘಾತ’ ಎಂಬ ಶಬ್ದ ಇಲ್ಲಿ ದಾರಿ ತಪ್ಪಿಸುತ್ತದೆ. ಸೂರ್ಯನೇ ಇಲ್ಲದ ರಾತ್ರಿಯಲ್ಲೂ, ನೆರಳಿನಲ್ಲೂ ಇದು ಬಡಿಯಬಲ್ಲದು. ಉಷ್ಣಾಘಾತ ಎನ್ನುವುದೇ ಸರಿ. ತಗ್ಗಿನ ಹಲವು ಬಿಡಾರಗಳನ್ನು ಉದ್ಯಾನದವರೇ ಬೇಸಿಗೆಯಲ್ಲಿ ಮುಚ್ಚುತ್ತಾರೆ.

ಡೇರೆ ಹಾಕಲೇಬೇಕೆಂದು ಮಕ್ಕಳು ಹಟ ಹಿಡಿದರೆ ಅದೇ ಉದ್ಯಾನದ ಬೆಟ್ಟಗಳಿಗೆ ಹೋಗಿ. ಪ್ರತಿ 300 ಮೀಟರ್ ಏರಿದಂತೆ ಸುಮಾರು 2 ಡಿಗ್ರಿ ತಂಪು. ವೈಲ್ಡ್‌ರೋಸ್ ಬಿಡಾರ ಸುಮಾರು 1,250 ಮೀಟರ್ ಎತ್ತರದಲ್ಲಿದೆ, ಮಹೋಗನಿ ಫ್ಲಾಟ್ ಸುಮಾರು 2,500 ಮೀಟರ್. ರಸ್ತೆ ತೆರೆದಿದೆಯೇ ಎಂದು ಮೊದಲೇ ವಿಚಾರಿಸಿ. ಎಲ್ಲಕ್ಕಿಂತ ಒಳ್ಳೆಯದು, ಪ್ರವಾಸವನ್ನೇ ನವೆಂಬರ್ ನಂತರಕ್ಕೆ ಮುಂದೂಡುವುದು.

ನೀರಿನ ವಿಷಯದಲ್ಲಿ ಒಂದು ಸೂಕ್ಷ್ಮವಿದೆ. ತಲೆಗೆ ದಿನಕ್ಕೆ ಕನಿಷ್ಠ 4 ಲೀಟರ್ ಎಂಬುದು ಅಲ್ಲಿನ ಲೆಕ್ಕ. ಕಾರಿನಲ್ಲಿ ಅಷ್ಟು ನೀರು ಇರುತ್ತದೆ. ಆದರೆ ತಾಯಿಯೋ ಅತ್ತೆಯೋ ಕುಡಿಯುವುದಿಲ್ಲ. ದಾರಿಯುದ್ದಕ್ಕೂ ಬಯಲು, ಶೌಚಾಲಯ ಎಲ್ಲೋ ಒಂದು, ಅಳಿಯನ ಮುಂದೆ ಕಾರು ನಿಲ್ಲಿಸು ಎನ್ನಲು ಸಂಕೋಚ. ಬೆಳಗಿನ ಕಾಫಿಯ ನಂತರ ಸಂಜೆಯವರೆಗೂ ಗುಟುಕು ನೀರಿಲ್ಲದೆ ಕುಳಿತ ಹೆಂಗಸರು ಎಷ್ಟೋ ಮಂದಿ. ಶೌಚಾಲಯವಿರುವ ಕಡೆಯಲ್ಲೆಲ್ಲ, ಅವರು ಕೇಳದಿದ್ದರೂ, ಕಾರು ನಿಲ್ಲಿಸಬೇಕಾದದ್ದು ಮಕ್ಕಳ ಕೆಲಸ. ಬರಿಯ ನೀರನ್ನೇ ಲೀಟರುಗಟ್ಟಲೆ ಕುಡಿದರೆ ರಕ್ತದ ಉಪ್ಪಿನಂಶ ತೆಳುವಾಗುತ್ತದೆ. ನಡುನಡುವೆ ಊಟ-ತಿಂಡಿ, ಉಪ್ಪು ಹಾಕಿದ ಮಜ್ಜಿಗೆ, ಓ.ಆರ್.ಎಸ್. ನೀರು ಇರಲಿ. ಹೃದಯ, ಮೂತ್ರಪಿಂಡದ ತೊಂದರೆಗಾಗಿ ನೀರಿಗೆ ಮಿತಿ ಹಾಕಿಸಿಕೊಂಡವರು ಇಂಥ ಜಾಗಕ್ಕೆ ಹೋಗದಿರುವುದೇ ಲೇಸು.

ಔಷಧಗಳನ್ನೂ ಒಮ್ಮೆ ನಿಮ್ಮ ವೈದ್ಯರಿಗೆ ತೋರಿಸಿ. ಮೂತ್ರ ಹೆಚ್ಚಿಸುವ ರಕ್ತದೊತ್ತಡದ ಮಾತ್ರೆ, ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕುವ ಹೊಸ ಮಾತ್ರೆಗಳು ದೇಹದ ನೀರನ್ನೂ ಕಳೆಯುತ್ತವೆ. ಕೆಲವು ಮನೋರೋಗದ ಔಷಧಗಳು ಬೆವರನ್ನೇ ತಡೆಯುತ್ತವೆ. ನೀವಾಗಿಯೇ ನಿಲ್ಲಿಸಬೇಡಿ, ಕೇಳಿ. ಇನ್ಸುಲಿನ್ ಕಾರಿನಲ್ಲಿ ಬಿಟ್ಟರೆ ಕೆಟ್ಟಂತೆಯೇ. ಮಕ್ಕಳನ್ನಂತೂ ಒಂದು ನಿಮಿಷವೂ ಬಿಡಬೇಡಿ. ನಿಲ್ಲಿಸಿದ ಕಾರಿನೊಳಗೆ ಹತ್ತು ನಿಮಿಷಕ್ಕೆ 11 ಡಿಗ್ರಿಯಷ್ಟು ಶಾಖ ಏರುತ್ತದೆ.

ತಲೆನೋವು, ವಾಕರಿಕೆ, ಸ್ನಾಯು ಸೆಳೆತ, ತಲೆಸುತ್ತು ಬಳಲಿಕೆಯ ಗುರುತು. ಕೂಡಲೇ ತಂಪಿಗೆ ಹೋಗಿ ಮಲಗಿಸಿ, ಗುಟುಕು ಗುಟುಕಾಗಿ ಕುಡಿಸಿ. ಮಾತು ತೊದಲಿದರೆ, ಅಸಂಬದ್ಧವಾಗಿ ಮಾತಾಡಿದರೆ, ನಡೆಯುವಾಗ ತೂರಾಡಿದರೆ ಅದು ಉಷ್ಣಾಘಾತವೆಂದೇ ತಿಳಿಯಿರಿ. ದೇಹದ ಶಾಖ 40 ಡಿಗ್ರಿ ದಾಟಿರುತ್ತದೆ. ಬೆವರು ನಿಂತಿದೆಯೇ ಎಂದು ಪರೀಕ್ಷಿಸುತ್ತ ಕೂರಬೇಡಿ, ಬೆವರುತ್ತಿರುವವರಿಗೂ ಇದು ಆಗುತ್ತದೆ. ಬಟ್ಟೆ ಸಡಿಲಿಸಿ, ಇದ್ದಬದ್ದ ನೀರನ್ನೆಲ್ಲ ಮೈಮೇಲೆ ಸುರಿದು ಬೀಸಿ. ಕತ್ತು, ಕಂಕುಳು, ತೊಡೆಸಂದಿಗೆ ಮಂಜುಗಡ್ಡೆ ಇಡಿ. ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕಬೇಡಿ. ಜ್ವರದ ಮಾತ್ರೆ ಇಲ್ಲಿ ಕೆಲಸ ಮಾಡುವುದಿಲ್ಲ.

ಸಹಾಯಕ್ಕೆ 911 ಕರೆ ಮಾಡಬೇಕು, ಆದರೆ ಉದ್ಯಾನದ ಬಹುಭಾಗದಲ್ಲಿ ಮೊಬೈಲ್ ಸಿಗುವುದಿಲ್ಲ. 2024ರ ಜುಲೈನಲ್ಲಿ ಬೆಲ್ಜಿಯಂನ ಪ್ರವಾಸಿಯೊಬ್ಬರು ಅಲ್ಲಿನ ಮರಳುದಿಬ್ಬದಲ್ಲಿ ಪಾದರಕ್ಷೆ ಇಲ್ಲದೆ ನಡೆದು ಅಂಗಾಲು ಆಳವಾಗಿ ಸುಟ್ಟುಕೊಂಡರು. ಸುಡುವ ಗಾಳಿ ತೆಳುವಾದ್ದರಿಂದ ಹೆಲಿಕಾಪ್ಟರ್ ಅಲ್ಲಿಗೆ ಇಳಿಯಲಾಗಲಿಲ್ಲ. ಅವರನ್ನು ಮೊದಲು ಆಂಬ್ಯುಲೆನ್ಸ್‌ನಲ್ಲಿ ಎತ್ತರದ ಜಾಗಕ್ಕೆ ಒಯ್ದು, ಅಲ್ಲಿಂದ ಹೆಲಿಕಾಪ್ಟರ್‌ನಲ್ಲಿ ಲಾಸ್ ವೇಗಸ್ ಆಸ್ಪತ್ರೆಗೆ ಸಾಗಿಸಬೇಕಾಯಿತು.