ಮಕ್ಕಳನ್ನು ಜೈಲಿನಿಂದ ಬಿಡಿಸಲು ಹೊರಟ ಪತ್ರಕರ್ತೆ

ಭಾರತದಲ್ಲಿ ಬಾಲ ನ್ಯಾಯದ ಹೋರಾಟಕ್ಕೆ ಗಟ್ಟಿ ನೆಲೆ ಒದಗಿಸಿದವರಲ್ಲಿ ಪತ್ರಕರ್ತೆ ಶೀಲಾ ಬಾರ್ಸೆ ಪ್ರಮುಖರು. ಮುಂಬೈನ ಪೊಲೀಸ್ ಲಾಕಪ್‌ಗಳಲ್ಲಿ ಮಹಿಳೆಯರ ಮೇಲೆ ನಡೆಯುತ್ತಿದ್ದ ಹಿಂಸೆಯ ಬಗ್ಗೆ ಅವರು ಬರೆದ ಪತ್ರವನ್ನೇ ಸುಪ್ರೀಂ ಕೋರ್ಟ್ ಅರ್ಜಿಯೆಂದು ಪರಿಗಣಿಸಿ 1983ರಲ್ಲಿ ತೀರ್ಪು ನೀಡಿತು.

ಅವರ ಮುಂದಿನ ಅರ್ಜಿ ಜೈಲಿನಲ್ಲಿದ್ದ ಮಕ್ಕಳದ್ದು. 16 ವರ್ಷದೊಳಗಿನ ಎಷ್ಟು ಮಕ್ಕಳು ಯಾವ ಯಾವ ಜೈಲಿನಲ್ಲಿದ್ದಾರೆ ಎಂಬ ಲೆಕ್ಕ ಹೊರಬರಬೇಕು, ಅವರ ಬಿಡುಗಡೆಯಾಗಬೇಕು ಎಂಬುದು ಬೇಡಿಕೆ. ಹಲವು ರಾಜ್ಯಗಳಲ್ಲಿ ಮಕ್ಕಳ ಕಾಯ್ದೆಗಳೇನೋ ಇದ್ದವು, ಜಾರಿಯಾಗಿರಲಿಲ್ಲ. 1986ರ ಆಗಸ್ಟ್‌ನಲ್ಲಿ ನ್ಯಾಯಾಲಯ ಸ್ಪಷ್ಟವಾಗಿ ಹೇಳಿತು: ಮಗುವನ್ನು ಜೈಲಿಗೆ ಕಳಿಸಬಾರದು, ಇರಿಸಲು ಬೇರೆ ಜಾಗವಿಲ್ಲದಿದ್ದರೆ ಜಾಮೀನಿನ ಮೇಲೆ ಬಿಡಬೇಕು. 7 ವರ್ಷದವರೆಗಿನ ಶಿಕ್ಷೆಯ ಅಪರಾಧವಾದರೆ ತನಿಖೆ 3 ತಿಂಗಳಲ್ಲಿ ಮುಗಿಯಬೇಕು. ಇಡೀ ದೇಶಕ್ಕೆ ಒಂದೇ ಕಾಯ್ದೆ ಬೇಕೆಂದೂ ಅದು ಸೂಚಿಸಿತು. ಅದೇ ವರ್ಷ ಸಂಸತ್ತು ಬಾಲ ನ್ಯಾಯ ಕಾಯ್ದೆಯನ್ನು ಅಂಗೀಕರಿಸಿತು.

ಆದರೆ ಆದೇಶಗಳ ಪಾಲನೆ ಕುಂಟುತ್ತಲೇ ಇತ್ತು. ವಿಳಂಬದಿಂದ ಬೇಸತ್ತ ಬಾರ್ಸೆ 1988ರಲ್ಲಿ ಅರ್ಜಿ ಹಿಂಪಡೆಯಲು ಮುಂದಾದರು. ಇದು ಮಕ್ಕಳ ಹಕ್ಕಿನ ವಿಷಯ, ಅರ್ಜಿದಾರರ ಇಚ್ಛೆಗೆ ಬಿಟ್ಟದ್ದಲ್ಲ ಎಂದ ನ್ಯಾಯಾಲಯ, ಅವರನ್ನು ಕೈಬಿಟ್ಟು ಪ್ರಕರಣವನ್ನು ಕಾನೂನು ನೆರವು ಸಮಿತಿಗೆ ವಹಿಸಿತು. ಕಾನೂನಿನ ದೃಷ್ಟಿಯಿಂದ ಸರಿ. ವರ್ಷಗಟ್ಟಲೆ ಹೊರೆ ಹೊತ್ತವರ ಪಾಲಿಗೆ ಕಠೋರ.

2000ದ ಕಾಯ್ದೆ ಹುಡುಗರ ವಯೋಮಿತಿಯನ್ನೂ 18ಕ್ಕೆ ಏರಿಸಿತು. 2015ರ ಕಾಯ್ದೆ ಘೋರ ಅಪರಾಧದ ಆರೋಪ ಹೊತ್ತ 16–18ರ ವಯಸ್ಸಿನವರನ್ನು ವಯಸ್ಕರಂತೆ ವಿಚಾರಣೆಗೆ ಒಳಪಡಿಸಲು ದಾರಿ ತೆರೆಯಿತು. ಇದು ಹಿಂದಿಟ್ಟ ಹೆಜ್ಜೆ. ಆದರೂ ಮಗುವನ್ನು ಸಂಸ್ಥೆಯಲ್ಲಿಡುವುದು ಕೊನೆಯ ಉಪಾಯವಾಗಬೇಕೆಂಬ ತತ್ವ ಅದೇ ಕಾಯ್ದೆಯಲ್ಲಿದೆ. ಬುದ್ಧಿಹೇಳಿ ಮನೆಗೆ ಕಳಿಸುವುದು, ಆಪ್ತಸಮಾಲೋಚನೆ, ಸಮುದಾಯ ಸೇವೆ, ಪರಿವೀಕ್ಷಣಾಧಿಕಾರಿಯ ನಿಗಾ – ಇವೆಲ್ಲ ಬಾಲ ನ್ಯಾಯ ಮಂಡಳಿಯ ಕೈಯಲ್ಲಿವೆ. ವಿಶೇಷ ಗೃಹಕ್ಕೆ ಕಳಿಸಿದರೂ ಅದು ಮಂಡಳಿಯ ಆದೇಶದಿಂದ 3 ವರ್ಷ ಮೀರುವಂತಿಲ್ಲ.

ಇವು ಸಿಗಬೇಕಾದರೆ ಮಗುವಿನ ಪರವಾಗಿ ಯಾರಾದರೂ ಮಾತನಾಡಬೇಕು. ಆದಾಯ ಎಷ್ಟೇ ಇರಲಿ, ಪ್ರತಿ ಮಗುವಿಗೂ ಉಚಿತ ಕಾನೂನು ನೆರವಿನ ಹಕ್ಕಿದೆ. ನೆರೆಮನೆಯ ಹುಡುಗನೊಬ್ಬ ಪೊಲೀಸ್ ಠಾಣೆಯಲ್ಲಿದ್ದಾನೆಂದು ತಿಳಿದರೆ, ಆ ದಿನವೇ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಿ.