ಸಂಸಾರ ಸಮೇತ ಜಲವಿಹಾರ

ವಿಜಯವಾಡದಲ್ಲಿ ಉದ್ಯೋಗದ ನಿಮಿತ್ತ ನೆಲೆಸಿರುವ ನಮ್ಮವರ ಮನೆಗೆ ಊರಿನಿಂದ ಹೆಂಡಿರು ಮಕ್ಕಳು, ತಂದೆ ತಾಯಿ ಬಂದರೆಂದರೆ ಮೊದಲು ಇಂದ್ರಕೀಲಾದ್ರಿಯ ಮೇಲೆ ಕನಕದುರ್ಗೆಯ ದರ್ಶನ. ಬೆಟ್ಟವಿಳಿದ ಮೇಲೆ ಕೃಷ್ಣೆಯಲ್ಲಿ ಲಾಂಚಿನ ವಿಹಾರ. ಬೆಟ್ಟದ ಮೇಲಿಂದ ನೋಡಿದರೆ ಅದು ಹೊಳೆಯೆಂದು ತೋರುವುದೇ ಇಲ್ಲ, ದೊಡ್ಡ ಕೆರೆಯೊಂದು ಸುಮ್ಮನೆ ಮಲಗಿದಂತೆ ಕಾಣುತ್ತದೆ. ಅಂಥ ನೀರಿನ ಮೇಲೆ ಮಕ್ಕಳನ್ನು ಕೂರಿಸಿಕೊಂಡು ಒಂದು ರಜೆಯ ದಿನ ಕಳೆಯುವ ಸಂತೋಷವನ್ನು ಯಾರೂ ಬಿಡಬೇಕಾಗಿಲ್ಲ. ಆದರೆ ಆ ನೀರು ಎಂಥದು, ದೋಣಿ ಹೇಗೆ ತೇಲುತ್ತದೆ, ಏಕೆ ಮಗುಚುತ್ತದೆ ಎಂಬುದನ್ನು ತಿಳಿದುಕೊಂಡು ಹತ್ತುವುದು ಸಂಸಾರವಂದಿಗರಿಗೆ ಒಳ್ಳೆಯದು.

ಅನುಕೂಲಸ್ಥ ದೇಶಗಳಲ್ಲಿ ಜನ ವಾರದ ರಜೆಯನ್ನು ನೀರಿನ ಮೇಲೆಯೇ ಕಳೆಯುವುದುಂಟು. ಇಂಗ್ಲೆಂಡಿನ ನಾರ್ಫಕ್ ಪ್ರಾಂತದ ಸರೋವರಗಳಲ್ಲಿ ಮಲಗುವ ಕೋಣೆ, ಅಡಿಗೆಯ ಒಲೆ ಎಲ್ಲವೂ ಇರುವ ಚಿಕ್ಕ ಲಾಂಚುಗಳನ್ನು ಬಾಡಿಗೆಗೆ ಹಿಡಿದು, ತಂದೆಯೇ ಚುಕ್ಕಾಣಿ ಹಿಡಿದು ಹೊರಡುತ್ತಾನೆ. ನಮ್ಮ ಕೇರಳದಲ್ಲಿ, ಹಿಂದೆ ಭತ್ತ ಸಾಗಿಸುತ್ತಿದ್ದ ಕೆಟ್ಟುವಳ್ಳಗಳೇ ವೇಂಬನಾಡಿನ ಹಿನ್ನೀರಿನಲ್ಲಿ ತೇಲುವ ಮನೆಗಳಾಗಿವೆ. ಗುಮಾಸ್ತರ ಸಂಬಳಕ್ಕೆ ಎಟುಕುವುದು ಮಾತ್ರ ಹತ್ತು ಜನರೊಡನೆ ಹಂಚಿಕೊಂಡ ಲಾಂಚು. ಅದರಲ್ಲಿ ಭವಾನಿ ದ್ವೀಪಕ್ಕೆ ಹೋಗಿ, ಮರದ ನೆರಳಿನಲ್ಲಿ ಬುತ್ತಿ ಬಿಚ್ಚಿ, ಮಕ್ಕಳನ್ನು ಆಡಲು ಬಿಟ್ಟು, ಬೆಳಕಿರುವಾಗಲೇ ಮರಳಿದರೆ ದಿನ ಸಾರ್ಥಕವಾಯಿತು.

ಇಲ್ಲಿ ನೀರು ಕೆರೆಯಂತೆ ನಿಂತಿರುವುದಕ್ಕೆ ಕಾರಣ ಪ್ರಕಾಶಂ ಬ್ಯಾರೇಜು. ೧೮೫೦ರ ದಶಕದಲ್ಲಿ ಇಲ್ಲಿ ಕಲ್ಲಿನ ಅಣೆಕಟ್ಟು ಕಟ್ಟಿದ್ದರು. ಅದು ೧೯೫೨ರಲ್ಲಿ ಒಡೆಯಿತು. ಆಮೇಲೆ ಕಟ್ಟಿದ ಈಗಿನ ಬ್ಯಾರೇಜು ೧೯೫೭ರಲ್ಲಿ ಮುಗಿಯಿತು. ಉದ್ದ ಒಂದು ಕಿಲೋಮೀಟರಿಗಿಂತ ಹೆಚ್ಚು. ಹೆಸರು ಆಂಧ್ರ ರಾಜ್ಯದ ಮೊದಲ ಮುಖ್ಯಮಂತ್ರಿ ಟಂಗುಟೂರಿ ಪ್ರಕಾಶಂ ಅವರದು. ಇದರ ಕೆಲಸ ನೀರನ್ನು ಕೂಡಿಡುವುದಲ್ಲ, ಮಟ್ಟವನ್ನು ಏರಿಸಿ ಕಾಲುವೆಗಳಿಗೆ ತಿರುಗಿಸುವುದು. ನಮ್ಮ ಆಲಮಟ್ಟಿಯಲ್ಲಿ ಸುಮಾರು ೧೨೩ ಟಿ.ಎಂ.ಸಿ. ನೀರು ನಿಲ್ಲುತ್ತದೆ, ಇಲ್ಲಿ ನಿಲ್ಲುವುದು ಸುಮಾರು ೩ ಟಿ.ಎಂ.ಸಿ. ಮಾತ್ರ. (ಒಂದು ಟಿ.ಎಂ.ಸಿ. ಎಂದರೆ ನೂರು ಕೋಟಿ ಘನ ಅಡಿ.) ಹಿಡಿದಿಡಲು ಸ್ಥಳವಿಲ್ಲದ ಕಾರಣ, ಮೇಲಿನಿಂದ ಎಷ್ಟು ಬಂದರೆ ಅಷ್ಟನ್ನೂ ಬಾಗಿಲು ಎತ್ತಿ ಸಮುದ್ರಕ್ಕೆ ಬಿಡಲೇಬೇಕು. ಆಗ ಕೆರೆ ಒಂದೆರಡು ದಿನದಲ್ಲಿ ಹೊಳೆಯಾಗುತ್ತದೆ.

ಮೇಲಿನ ನೀರೆಂದರೆ ಬಹುಪಾಲು ನಮ್ಮ ನಾಡನ್ನು ಹಾಯ್ದು ಬರುವ ನೀರೇ. ಆಲಮಟ್ಟಿ, ನಾರಾಯಣಪುರ ದಾಟಿದ ಕೃಷ್ಣೆಗೆ ಭೀಮೆ ಸೇರುತ್ತಾಳೆ. ಜುರಾಲ ದಾಟಿದ ಮೇಲೆ ತುಂಗಭದ್ರೆ ಕೂಡುತ್ತಾಳೆ. ಮುಂದೆ ಶ್ರೀಶೈಲ, ನಾಗಾರ್ಜುನಸಾಗರ, ಪುಲಿಚಿಂತಲ, ಕೊನೆಗೆ ವಿಜಯವಾಡ. ಆದುದರಿಂದ ವಾಚನಾಲಯದಲ್ಲಿ ಕನ್ನಡ ಪತ್ರಿಕೆ ಬಿಡಿಸಿದಾಗ ಆಲಮಟ್ಟಿ, ಹೊಸಪೇಟೆಗಳಲ್ಲಿ ಬಾಗಿಲು ತೆರೆದರೆಂಬ ಸುದ್ದಿ ಕಂಡರೆ, ಅದು ಊರಿನ ಸುದ್ದಿ ಮಾತ್ರವೆಂದು ತಿಳಿಯಬಾರದು. ಶ್ರೀಶೈಲ, ಸಾಗರಗಳು ಆಗಲೇ ತುಂಬಿದ್ದರೆ ಆ ನೀರು ಕೆಲವು ದಿನಗಳಲ್ಲಿ ಇಲ್ಲಿಗೆ ಬರುತ್ತದೆ. ೨೦೨೪ರ ಸೆಪ್ಟೆಂಬರ್ ಮೊದಲಲ್ಲಿ ಈ ಬ್ಯಾರೇಜಿನ ಮೂಲಕ ಸೆಕೆಂಡಿಗೆ ಹನ್ನೊಂದು ಲಕ್ಷ ಘನ ಅಡಿಗೂ ಮೀರಿ ನೀರು ಹರಿಯಿತು. ಕಟ್ಟು ಕಿತ್ತುಕೊಂಡ ದೋಣಿಗಳು ತೇಲಿಬಂದು ಬಾಗಿಲುಗಳಿಗೆ ಬಡಿದವು.

ಎರಡು ಭಾನುವಾರಗಳನ್ನು ಈ ಸೀಮೆಯವರು ಮರೆತಿಲ್ಲ. ೨೦೧೭ರ ನವೆಂಬರ್ ೧೨, ಕಾರ್ತಿಕ ಮಾಸ: ಪವಿತ್ರ ಸಂಗಮದ ಆರತಿ ನೋಡಲು ಹೊರಟ ಒಂದು ದೋಣಿ ಇಬ್ರಾಹಿಂಪಟ್ಟಣದ ಬಳಿ ಮಗುಚಿ ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ೨೦೧೯ರ ಸೆಪ್ಟೆಂಬರ್ ೧೫: ಪಾಪಿಕೊಂಡಲು ನೋಡಲು ಎಪ್ಪತ್ತಕ್ಕೂ ಹೆಚ್ಚು ಜನರನ್ನು ಹೊತ್ತಿದ್ದ ಲಾಂಚು, ಗೋದಾವರಿ ತುಂಬಿ ಹರಿಯುತ್ತಿದ್ದಾಗ ಕಚ್ಚುಲೂರಿನ ಬಳಿ ಮುಳುಗಿತು. ಸುಮಾರು ಐವತ್ತು ಜನ ಹೋದರು. ಲಾಂಚನ್ನು ಮೇಲೆತ್ತಲು ಒಂದು ತಿಂಗಳಿಗೂ ಹೆಚ್ಚು ಹಿಡಿಯಿತು. ಅವರೂ ನಮ್ಮಂತೆ ರಜೆಗೆಂದು ಹೊರಟವರೇ.

ದೋಣಿ ಏಕೆ ಮಗುಚುತ್ತದೆ? ದೋಣಿ ಒಂದು ಕಡೆಗೆ ತುಸು ವಾಲಿದರೆ ಆ ಬದಿ ಹೆಚ್ಚು ಮುಳುಗುತ್ತದೆ. ಮುಳುಗಿದ ಬದಿಯನ್ನು ನೀರು ಹೆಚ್ಚು ಬಲದಿಂದ ಮೇಲಕ್ಕೆ ಒತ್ತುತ್ತದೆ. ದೋಣಿ ಮತ್ತೆ ನೆಟ್ಟಗಾಗುತ್ತದೆ. ಭಾರ ತಳದಲ್ಲಿರುವ ತನಕ ಈ ಏರ್ಪಾಡು ಸರಿಯಾಗಿ ನಡೆಯುತ್ತದೆ. ಜನ ಮಾಳಿಗೆಗೆ ಹತ್ತಿದಷ್ಟೂ ಅದು ದುರ್ಬಲವಾಗುತ್ತದೆ. ಫೋಟೋ ತೆಗೆಯಲೆಂದು ಇಪ್ಪತ್ತು ಜನ ಒಂದೇ ಬದಿಗೆ ಸರಿದರೆ, ಕ್ವಿಂಟಲ್ ತೂಗುವ ಹನ್ನೆರಡು ಮೂಟೆ ಅಕ್ಕಿ ಒಮ್ಮೆಲೇ ಆ ಕಡೆಗೆ ಉರುಳಿದಂತಾಯಿತು. ತಳದಲ್ಲಿ ನೀರು ನಿಂತಿದ್ದರೆ ಇನ್ನೂ ಕೆಟ್ಟದ್ದು. ಅಗಲವಾದ ತಟ್ಟೆಯಲ್ಲಿ ನೀರು ತುಂಬಿ ಎತ್ತಿಕೊಂಡು ನಡೆದು ನೋಡಿರಿ: ತುಸು ವಾಲಿದರೆ ನೀರೆಲ್ಲ ಆ ಕಡೆಗೇ ಓಡಿ ತಟ್ಟೆಯನ್ನು ಇನ್ನಷ್ಟು ವಾಲಿಸುತ್ತದೆ. ದೋಣಿಯ ಒಳಗಿನ ನೀರೂ ಹಾಗೆಯೇ ಮಾಡುತ್ತದೆ.

ಹತ್ತುವ ಮೊದಲು ದಡದಲ್ಲಿ ನಿಂತು ಐದು ನಿಮಿಷ ನೋಡಿದರೆ ಸಾಕು. ಮೊದಲನೆಯದಾಗಿ, ದೋಣಿಯ ಮೇಲೆ ನೋಂದಣಿಯ ಸಂಖ್ಯೆ, ಹತ್ತಬಹುದಾದವರ ಸಂಖ್ಯೆ ಬರೆದಿದೆಯೇ ನೋಡತಕ್ಕದ್ದು. ೧೯೧೭ರ ಹಳೆಯ ಕಾಯಿದೆಯ ಸ್ಥಾನದಲ್ಲಿ ಬಂದ ೨೦೨೧ರ ಒಳನಾಡು ಹಡಗುಗಳ ಕಾಯಿದೆಯಂತೆ, ಯಂತ್ರದಿಂದ ನಡೆಯುವ ದೋಣಿಗೆ ನೋಂದಣಿಯೂ ಪರೀಕ್ಷೆಯ ಪತ್ರವೂ ಇರಬೇಕು. ಎರಡನೆಯದಾಗಿ, ಜನ ತುಂಬಿದ ಮೇಲೆ ದೋಣಿಯ ಅಂಚು ನೀರಿಗೆ ಎಷ್ಟು ಹತ್ತಿರವಿದೆ, ತಳದಲ್ಲಿ ನೀರು ನಿಂತಿದೆಯೇ ಎಂದು ಗಮನಿಸಬೇಕು. ಮೂರನೆಯದಾಗಿ, ಲೈಫ್ ಜಾಕೆಟ್ಟನ್ನು ಪಕ್ಕದಲ್ಲಿಟ್ಟುಕೊಂಡರೆ ಪ್ರಯೋಜನವಿಲ್ಲ. ತೊಟ್ಟು ಪಟ್ಟಿ ಬಿಗಿಯಬೇಕು. ಮಗುವಿಗೆ ತೊಡಿಸಿ ಭುಜದ ಬಳಿ ಹಿಡಿದೆತ್ತಿ ನೋಡಿರಿ. ಜಾಕೆಟ್ಟು ಕಿವಿಯವರೆಗೆ ಏರಿದರೆ ಅದು ಸಡಿಲ, ಚಿಕ್ಕದನ್ನು ಕೇಳಿರಿ. ನಾಲ್ಕನೆಯದಾಗಿ, ಮುಚ್ಚಿದ ಕೋಣೆಯ ಮೂಲೆಗಿಂತ ಬಾಗಿಲ ಬಳಿಯ ಜಾಗ ಮೇಲು.

ವಿಶಾಖಪಟ್ಟಣದ ನಮ್ಮ ಬಂಧುಗಳಿಗೆ ಎದುರಿಗೆ ಕಡಲಿದ್ದರೂ, ಸಿಹಿನೀರಿನ ವಿಹಾರಕ್ಕೆ ಅನಕಾಪಲ್ಲಿ ಕಡೆಯ ಕೊಂಡಕರ್ಲ ಆವ ಎಂಬ ಸರೋವರವುಂಟು. ತಾವರೆ, ಹಕ್ಕಿಗಳಿಂದ ಬಲು ಸೊಗಸಾದ ಸ್ಥಳ. ಅಲ್ಲಿಯ ಬೆಸ್ತರು ತಾಳೆಮರದ ಎರಡು ಕಾಂಡಗಳನ್ನು ಕೊರೆದು ಜೋಡಿಸಿ ಕಟ್ಟಿದ ದೋಣಿ ನಡೆಸುತ್ತಾರೆ. ಇಬ್ಬರು ಮೂವರು ಅಲುಗದೆ ಕುಳಿತರೆ ಅದು ಭದ್ರ. ಒಬ್ಬರು ಎದ್ದು ನಿಂತರೆ ಅಲ್ಲ. ನಿಂತ ನೀರಿಗೂ ನಿಯಮ ಒಂದೇ.

ನಮ್ಮವರಿಗೆ ಇನ್ನೊಂದು ತೊಡಕಿದೆ, ಭಾಷೆಯದು. ತೆಲುಗು ಸರಿಯಾಗಿ ಬಾರದೆಂಬ ಸಂಕೋಚದಿಂದ ಕೇಳಬೇಕಾದ್ದನ್ನು ಕೇಳದೆ ಹತ್ತಿಬಿಡುತ್ತೇವೆ. ಮೂರು ಮಾತು ಕಲಿತಿದ್ದರೆ ಸಾಕು. ‘ಎಂತಮಂದಿ ಎಕ್ಕವಚ್ಚು?’ ಎಂದರೆ ಎಷ್ಟು ಜನ ಹತ್ತಬಹುದು. ‘ಪಿಲ್ಲಲ ಜಾಕೆಟ್ ಇವ್ವಂಡಿ’ ಎಂದರೆ ಮಕ್ಕಳ ಜಾಕೆಟ್ ಕೊಡಿ. ‘ಮೇಮು ಎಕ್ಕಮು’ ಎಂದರೆ ನಾವು ಹತ್ತುವುದಿಲ್ಲ. ಮೂರನೆಯದೇ ಹೇಳಲು ಕಷ್ಟವಾದ ಮಾತು. ಮಕ್ಕಳು ಮುಖ ಸಣ್ಣದು ಮಾಡಿಕೊಳ್ಳುತ್ತಾರೆ, ಸಾಲಿನಲ್ಲಿದ್ದವರು ಅಂಜುಬುರುಕನೆಂದು ನಗುತ್ತಾರೆ, ಟಿಕೆಟ್ಟಿನ ಹಣವೂ ಹೋಗಬಹುದು. ಹಣವನ್ನು ಮುಂದಿನ ಸಂಬಳದಲ್ಲಿ ತುಂಬಿಕೊಳ್ಳಬಹುದು. ಮಕ್ಕಳನ್ನು ಸಮಾಧಾನಪಡಿಸಲು ದಡದ ಮೇಲೆ ಬಿಚ್ಚಿದ ಮೊಸರನ್ನದ ಬುತ್ತಿಯೂ, ಮುಂದಿನ ಲಾಂಚೂ ಇದ್ದೇ ಇವೆ.